ಹನ್ನೊಂದನೆಯ ಪ್ರಶ್ನೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಗಾದೆ ಕಟ್ಟಿದ ಪುಣ್ಯಾತ್ಮರು, ಮದುವೆಯ ಮಾರನೆಯ ದಿನದಿಂದ ಆ ಸಾವಿರವನ್ನು ಎಲ್ಲಿ ಬಚ್ಚಿಡಬೇಕೆಂದು ಹೇಳಿ ಹೋಗಲಿಲ್ಲ. ಕಳ್ಳಂಬೆಳ್ಳದ ದೊಡ್ಡರಂಗಪ್ಪನ ಮಗಳು ಗಂಗಲಕ್ಷ್ಮಿಯ ಮದುವೆಯಲ್ಲಿ ಸಾವಿರವೇನೂ ಇರಲಿಲ್ಲ, ಒಂದೇ ಒಂದಿತ್ತು. ಅದನ್ನೂ ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಹೇಳಬೇಕಾದ್ದನ್ನು ಹೇಳದೆ ಬಿಟ್ಟಿದ್ದರು, ಅಷ್ಟೆ. ನಮ್ಮ ಕಡೆ ಅದನ್ನು ಸುಳ್ಳು ಅನ್ನುವುದಿಲ್ಲ, ಜಾಣತನ ಅನ್ನುತ್ತಾರೆ.

ಅವಳಿಗೆ ಹದಿಮೂರು ತುಂಬಿದ ವರ್ಷ. ಸ್ಕೂಲು ಬಿಟ್ಟು ಕೆರೆ ಏರಿಯ ಮೇಲೆ ಬರುತ್ತಿದ್ದವಳು ಇದ್ದಕ್ಕಿದ್ದಂತೆ ಬಿದ್ದಳು. ಕೈಕಾಲು ಸೆಟೆದುಕೊಂಡು ಬಾಯಲ್ಲಿ ನೊರೆ ಬಂತು. ಮೂರ್ಛೆರೋಗ. ಮೊದಲು ಯಂತ್ರ ಕಟ್ಟಿಸಿ, ಅದು ನಡೆಯದೆ ಹೋದಾಗ ದೊಡ್ಡರಂಗಪ್ಪ ಮಗಳನ್ನು ತುಮಕೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದ ಡಾಕ್ಟರು ಒಂದು ದಪ್ಪ ಫೈಲು ಕೊಟ್ಟು, ಎರಡು ಹೊತ್ತಿನ ಮಾತ್ರೆ ತಪ್ಪಿಸದಿದ್ದರೆ ಹುಡುಗಿ ಎಲ್ಲರ ಹಾಗೆಯೇ ಇರುತ್ತಾಳೆ ಎಂದರು. ಎಲ್ಲರ ಹಾಗೆ ಇರುವುದೆಂದರೆ ಯಾರಿಗೂ ಗೊತ್ತಾಗದ ಹಾಗೆ ಇರುವುದು ಎಂದು ದೊಡ್ಡರಂಗಪ್ಪ ಅರ್ಥ ಮಾಡಿಕೊಂಡ. ಮಾತ್ರೆಯ ಹೆಸರನ್ನು ಯಾರೂ ಓದಬಾರದೆಂದು ಹೊಳೆಯುವ ಹಾಳೆಯಿಂದ ಒಂದೊಂದನ್ನೇ ಬಿಡಿಸಿ, ಖಾಲಿಯಾದ ಕುಂಕುಮದ ಭರಣಿಯಲ್ಲಿ ತುಂಬಿಟ್ಟ. ಬರಿದಾದ ಹಾಳೆಯನ್ನು ತಿಪ್ಪೆಯಲ್ಲಿ ಹೂತ. ಕೇಳಿದವರಿಗೆ ತಲೆನೋವು ಅನ್ನು ಎಂದು ಮಗಳಿಗೆ ಕಲಿಸಿದ. ತಾಯಿಯಿಲ್ಲದ ಹುಡುಗಿ. ಅಪ್ಪ ಹೇಳಿದ್ದನ್ನು ಪಾಠದ ಹಾಗೆ ಒಪ್ಪಿಸಿದಳು.

ಇಪ್ಪತ್ತೆರಡಕ್ಕೆ ಮದುವೆಯಾಯಿತು. ಹುಡುಗ ಪಾವಗಡದ ಆಚೆ ಬಲಸಮುದ್ರದ ನರಸಿಂಹರಾಜು. ಐ.ಟಿ.ಐ. ಓದಿಕೊಂಡಿದ್ದ, ಸೋಲಾರ್ ಪಾರ್ಕಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಗಂಗಲಕ್ಷ್ಮಿಯ ಟ್ರಂಕಿನಲ್ಲಿ ಸೀರೆಗಳ ನಡುವೆ ಭರಣಿಯೂ ಹೋಯಿತು. ಅಲ್ಲೇ ಎಡವಟ್ಟಾದದ್ದು. ಟ್ರಂಕು ಬಿಚ್ಚಿ ಜೋಡಿಸಿಕೊಟ್ಟ ಅತ್ತೆ ಹನುಮಕ್ಕ, ಸೊಸೆ ತವರಿನ ಕುಂಕುಮ ತಂದಿದ್ದಾಳೆ ಎಂದು ಸಂತೋಷಪಟ್ಟು, ಅದನ್ನು ತೆಗೆದುಕೊಂಡು ಹೋಗಿ ದೇವರ ಗೂಡಿನಲ್ಲಿ ಇಟ್ಟಳು. ಒಂದು ವಾರ ಸೊಸೆ ದೀಪ ಹಚ್ಚುವ ನೆಪದಲ್ಲಿ ಬೆಳಿಗ್ಗೆ ಸಂಜೆ ಅದರೊಳಗೆ ಕೈ ಹಾಕಿದಳು. ಹೊಸ ಸೊಸೆಗೆ ಏನು ದೈವಭಕ್ತಿ ಎಂದು ನೆಂಟರೆಲ್ಲ ಮೆಚ್ಚಿಕೊಂಡರು. ಎಂಟನೆಯ ದಿನ ಅವಳು ಮುಟ್ಟಾದಳು. ಇನ್ನು ಮೂರು ದಿನ ದೇವರ ಗೂಡಿನ ಕಡೆ ಸುಳಿಯುವಂತಿಲ್ಲ. ಭರಣಿ ಕೊಡಿ ಎಂದು ಕೇಳುವುದಾದರೂ ಯಾವ ಬಾಯಲ್ಲಿ?

ನಾಲ್ಕನೆಯ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಅಂಗಳಕ್ಕೆ ಬಂದವಳು ಒರಳುಕಲ್ಲಿನ ಪಕ್ಕ ಬಿದ್ದಳು. ಹನುಮಕ್ಕ ಸೊಂಟದ ಬೀಗದ ಕೈ ಗೊಂಚಲನ್ನು ಸೊಸೆಯ ಮುಷ್ಟಿಗೆ ತುರುಕಿ, ಹಣೆಗೆ ಕುಂಕುಮ ಇಡೋಣವೆಂದು ಓಡಿಹೋಗಿ ಭರಣಿ ತಂದು ಬಗ್ಗಿಸಿದಳು. ಅಂಗೈಗೆ ಬಿದ್ದದ್ದು ಬಿಳಿಯ ಮಾತ್ರೆಗಳು. ನರಸಿಂಹರಾಜು ಅಲ್ಲೇ ನಿಂತಿದ್ದ. ಅವಳು ಸುಧಾರಿಸಿಕೊಂಡ ಮೇಲೆ ಗಾಡಿಯ ಹಿಂದೆ ಕೂರಿಸಿಕೊಂಡು, ಮಧುಗಿರಿ ದಾಟಿ, ಶಿರಾ ದಾಟಿ, ಕಳ್ಳಂಬೆಳ್ಳದ ಜಗಲಿಯ ಮುಂದೆ ಇಳಿಸಿ, ಕೊಟ್ಟ ನೀರನ್ನೂ ಕುಡಿಯದೆ ಹೊರಟುಹೋದ.

ಎಂಟು ತಿಂಗಳು ಅವನ ಸುಳಿವಿರಲಿಲ್ಲ. ಊರವರ ಕಣ್ಣು ತಪ್ಪಿಸಲು ಗಂಗಲಕ್ಷ್ಮಿ ಬಾವಿಗೆ ಬೆಳಕು ಹರಿಯುವ ಮೊದಲೇ ಹೋಗಿ ಬರುತ್ತಿದ್ದಳು. ಒಂದು ದಿನ ಅವನಾಗಿಯೇ ಬಂದ. ತುಮಕೂರಿನ ಡಾಕ್ಟರ ಹೆಸರು ಕೇಳಿ ತಿಳಿದು, ತಾನೊಬ್ಬನೇ ಹೋಗಿ, ಎಲ್ಲವನ್ನೂ ವಿಚಾರಿಸಿಕೊಂಡು ಬಂದಿದ್ದ. ಜಗಲಿಯ ಮೇಲೆ ಮಾವನ ಎದುರು ಕುಳಿತು ಅವನು ಹೇಳಿದ್ದು ಒಳಗೆ ಬಾಗಿಲ ಹಿಂದಿದ್ದ ಗಂಗಲಕ್ಷ್ಮಿಗೆ ಕೇಳಿಸಿತು.

"ಕಾಯ್ಲೆಗೆ ಬೇಜಾರಿಲ್ಲ ಮಾವ. ಹೇಳ್ದೆ ಇದ್ದಿದ್ದಕ್ಕೆ ಬೇಜಾರು."

ಆ ಮಾತನ್ನು ಅವಳು ತಾಳಿಗಿಂತ ಹೆಚ್ಚು ಜತನವಾಗಿ ಇಟ್ಟುಕೊಂಡಳು. ಅವತ್ತಿನಿಂದ ಅವನ ಮೇಲೆ ಅವಳಿಗೆ ಪ್ರಾಣ.

ನರಸಿಂಹರಾಜು ಪಾವಗಡದಲ್ಲಿ, ಕೋಟೆಬೆಟ್ಟದ ಕೆಳಗಿನ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದ. ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಮಾತ್ರೆಯ ಹೊತ್ತಾಯಿತೆಂದು ಅವನ ಮೊಬೈಲು ಕೂಗುತ್ತಿತ್ತು. ರಾತ್ರಿ ಪಾಳಿ ಬಿದ್ದರೆ ಯಾರನ್ನಾದರೂ ಕಾಡಿ ಬೇಡಿ ಬದಲಾಯಿಸಿಕೊಳ್ಳುತ್ತಿದ್ದ. ಮಕ್ಕಳಾಗಲಿಲ್ಲ, ಅದಕ್ಕೂ ಅವಳನ್ನು ಒಂದು ದಿನ ಆಡಿಕೊಂಡವನಲ್ಲ. ಚಿನ್ನದಂಥ ಗಂಡ ಎನ್ನಬೇಕು. ಆದರೆ ಬಚ್ಚಿಡುವುದರಲ್ಲಿ ಮಾವನಿಗಿಂತ ಅಳಿಯ ಒಂದು ಕೈ ಮೇಲಾದ. ಅಕ್ಕಪಕ್ಕದವರಿಗೆ ಬಿ.ಪಿ. ಎಂದ. ಮಾತ್ರೆಯನ್ನು ಪಾವಗಡದಲ್ಲಿ ಎಂದೂ ಕೊಳ್ಳಲಿಲ್ಲ. ಒಂದು ತಿಂಗಳು ಮಧುಗಿರಿ, ಒಂದು ತಿಂಗಳು ಶಿರಾ, ಇನ್ನೊಂದು ತಿಂಗಳು ಗಡಿ ದಾಟಿ ಹಿಂದೂಪುರ. ಯಾವ ಅಂಗಡಿಯವನಿಗೂ ಮುಖ ಪರಿಚಯ ಆಗಬಾರದು. ಬಿಲ್ಲನ್ನು ಅಂಗಡಿಯ ಮೆಟ್ಟಿಲಲ್ಲೇ ಹರಿದು ಹಾಕುತ್ತಿದ್ದ, ಡಾಕ್ಟರೂ ಊರಿಗೊಬ್ಬರು, ಅವರ ಚೀಟಿಯನ್ನು ಮಾತ್ರೆ ಕೊಂಡ ಮೇಲೆ ಒಲೆಗೆ ಹಾಕುತ್ತಿದ್ದ. ಇದನ್ನೆಲ್ಲ ಗಂಗಲಕ್ಷ್ಮಿ ನೋಡುತ್ತಿದ್ದಳು. ಹೇಳದೆ ಇರುವುದಕ್ಕೆ ಬೇಜಾರು ಎಂದ ಮನುಷ್ಯ ಇವನೇ ಅಲ್ಲವೇ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಕೇಳಲು ಧೈರ್ಯ ಬರುತ್ತಿರಲಿಲ್ಲ.

ಹೀಗೆ ಎಂಟು ವರ್ಷ ಕಳೆದ ಮೇಲೆ ಒಮಾನ್ ದೇಶದಿಂದ ಕೆಲಸ ಬಂತು. ಅಲ್ಲಿಯ ಮರಳುಗಾಡಿನಲ್ಲಿ ಸೋಲಾರ್ ಪ್ಲಾಂಟು ಹಾಕಿದವರಿಗೆ ಧೂಳಿನ ಜೊತೆ ಏಗಿ ಗೊತ್ತಿರುವವರು ಬೇಕಿತ್ತು. ಪಾವಗಡದವನಿಗೆ ಅದಕ್ಕಿಂತ ಹೆಚ್ಚಿನ ಯೋಗ್ಯತೆ ಏನು ಬೇಕು! ಮೇಸ್ತ್ರಿಗಿಂತ ಮೇಲಿನ ಹುದ್ದೆ, ಇರಲು ಮನೆ, ಹೆಂಡತಿಗೂ ವೀಸಾ. ನರಸಿಂಹರಾಜುವಿನ ಆರೋಗ್ಯ ವಿಮೆಯನ್ನು ಕಂಪನಿಯೇ ಮಾಡಿಸುತ್ತದೆ. ಹೆಂಡತಿಯದನ್ನು ಅವನೇ ಮಾಡಿಸಿ, ಕಾಗದ ತೋರಿಸಿ ಕರೆದುಕೊಂಡು ಬರಬೇಕು. ಸೇರಿಕೊಳ್ಳಲು ಆರು ವಾರ ಗಡುವು. ಆ ಎಂಟು ವರ್ಷದಲ್ಲಿ ಅವಳನ್ನು ಬಿಟ್ಟು ಒಂದು ರಾತ್ರಿಯೂ ಇರದವನಿಗೆ, ಅವಳಿಲ್ಲದೆ ಹೋಗುವ ಯೋಚನೆ ಕನಸಿನಲ್ಲೂ ಇರಲಿಲ್ಲ.

ವಿಮೆ ಮಾಡಿಸುವ ಅಂಜನ್ ಕುಮಾರ್ ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಕೂರುತ್ತಾನೆ. ನರಸಿಂಹರಾಜು ಅವನನ್ನು ಕಂಡು, ಒಂದು ಅರ್ಜಿ ತುಂಬಿಕೊಂಡು ಬಂದ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅದನ್ನು ಹೆಂಡತಿಯ ಮುಂದೆ ಇಟ್ಟು, ಪೆನ್ಸಿಲಿನ ಗುರುತು ಇರುವಲ್ಲಿ ಸಹಿ ಹಾಕು ಎಂದು ಹೇಳಿ ಕೈ ತೊಳೆಯಲು ಹೋದ.

ಗಂಗಲಕ್ಷ್ಮಿ ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವವಳು. ಪಿ.ಯು.ಸಿ. ಓದಿದ್ದರೂ ಅರ್ಜಿಯ ಇಂಗ್ಲಿಷು ಕಷ್ಟವೇ ಆಯಿತು. ಬೆರಳಿಟ್ಟು ಸಾಲು ಸಾಲಾಗಿ ಇಳಿದಳು. ಹನ್ನೊಂದನೆಯ ಪ್ರಶ್ನೆಯಲ್ಲಿ ಕಾಯಿಲೆಗಳ ಪಟ್ಟಿಯಿತ್ತು. ಸಕ್ಕರೆ, ಹೃದಯ, ಕಿಡ್ನಿ ಎಂದು ಅಂದಾಜು ಮಾಡುತ್ತ ಹೋದವಳ ಬೆರಳು ಒಂದು ಕಡೆ ನಿಂತಿತು. ಆ ಒಂದು ಪದವನ್ನು ಅವಳು ಕತ್ತಲಲ್ಲೂ ಗುರುತು ಹಿಡಿಯಬಲ್ಲಳು. ಹದಿಮೂರನೆಯ ವಯಸ್ಸಿನಲ್ಲಿ ತುಮಕೂರಿನ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದ ಪದ. ಈಗ ಅದರ ಎದುರು, ಇಲ್ಲ ಎನ್ನುವ ಚೌಕದಲ್ಲಿ, ಗಂಡನ ನೀಲಿ ಪೆನ್ನಿನ ಗೀಟು ಇತ್ತು.

ಅವನು ಟವೆಲಿನಲ್ಲಿ ಕೈ ಒರೆಸುತ್ತ ಬಂದಾಗ ಇದೇನು ಬರೆದಿದ್ದೀರಿ ಎಂದು ಕೇಳಿದಳು. ಅವನು ಕುಳಿತು, ತಾಳ್ಮೆಯಿಂದಲೇ ವಿವರಿಸಿದ. ಕಾಯಿಲೆ ಇದೆ ಎಂದು ಬರೆದರೆ ವಿಮೆ ಕಂಪನಿ ಒಪ್ಪದೆ ಹೋಗಬಹುದು. ಒಪ್ಪಿದರೂ ಆ ಕಾಯಿಲೆ ಒಂದನ್ನು ಬಿಟ್ಟು ಮಿಕ್ಕಿದ್ದಕ್ಕೆ ಮಾತ್ರ ಕೊಡುತ್ತೇವೆ ಎನ್ನಬಹುದು. ಇಲ್ಲ ಎಂದು ಬರೆದರೆ ಹತ್ತು ದಿನದಲ್ಲಿ ಕಾಗದ ಕೈಗೆ ಬರುತ್ತದೆ. ಕಳೆದ ನಾಲ್ಕು ವರ್ಷದಲ್ಲಿ ಮೂರ್ಛೆ ಬಂದಿರುವುದು ಒಂದೇ ಸಲ. ಅಲ್ಲಿ ಬರುತ್ತದೆಂದು ಏನು ಗ್ಯಾರಂಟಿ? ಇಷ್ಟೆಲ್ಲ ಮಾಡುತ್ತಿರುವುದು ಅವಳನ್ನು ಜೊತೆಯಲ್ಲಿ ಕರೆದುಕೊಂಡು ಹೋಗಲಿಕ್ಕೇ.

ಎಲ್ಲವನ್ನೂ ಕೇಳಿಸಿಕೊಂಡು ಗಂಗಲಕ್ಷ್ಮಿ ಒಂದು ಮಾತು ಕೇಳಿದಳು.

"ಮಾತ್ರೆ ಹೆಂಗೆ ತಗಂಡೋಗ್ಲಿ?"

ಅವನಿಗೆ ತಿಳಿಯಲಿಲ್ಲ.

"ಡಾಕ್ಟ್ರ ಚೀಟಿ ಇಟ್ಕಂಡು ಹೋದ್ರೆ ಕಾಯ್ಲೆ ಐತೆ ಅಂತ ನಾವೇ ಒಪ್ಕಂಡಂಗೆ. ಚೀಟಿ ಇಲ್ದಂಗೆ ಹೋಗ್ಬೇಕು ಅಂದ್ರೆ ನಂಗೆ ಇನ್ನೊಂದು ಭರಣಿ ತಂದ್ಕೊಡ್ತೀರಾ?"

ನರಸಿಂಹರಾಜು ಟವೆಲನ್ನು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಅವಳ ಧ್ವನಿ ಏರಲಿಲ್ಲ. ಕಾಯಿಲೆಗೆ ಬೇಜಾರಿಲ್ಲ ಎಂದು ನಮ್ಮಪ್ಪನ ಜಗಲಿಯಲ್ಲಿ ಕೂತು ಹೇಳಿದವರು ನೀವೇ, ಆ ಮಾತು ನಂಬಿಕೊಂಡು ನಿಮ್ಮ ಹಿಂದೆ ಬಂದವಳು ನಾನು ಎಂದಳು. ಒಂದು ಸಲ ಬಚ್ಚಿಟ್ಟುಕೊಂಡು ಗಂಡನ ಮನೆಗೆ ಬಂದು ಆದದ್ದು ಸಾಕು, ಬಚ್ಚಿಟ್ಟುಕೊಂಡು ದೇಶ ಬಿಡುವುದು ನನ್ನ ಕೈಲಾಗದು ಎಂದಳು. ಸಹಿ ಹಾಕಲಿಲ್ಲ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಬೆಟ್ಟದ ಕಡೆ ಹೋದವನು ದೀಪ ಹಚ್ಚುವ ಹೊತ್ತಿಗೆ ಬಂದ. ಮುಖ ಸಣ್ಣದಾಗಿತ್ತು. ನಾಳೆ ರಜೆ ಹಾಕುತ್ತೇನೆ, ಇಬ್ಬರೂ ಮಧುಗಿರಿಗೆ ಹೋಗೋಣ ಎಂದಷ್ಟೇ ಹೇಳಿದ.

ಅಂಜನ್ ಕುಮಾರ್ ಕೆಟ್ಟವನಲ್ಲ. ಆದರೆ ಅವನ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಹಾಗೂ ಬರೆಯಬಹುದು ಹೀಗೂ ಬರೆಯಬಹುದು, ಪೆನ್ನು ನಿಮ್ಮ ಕೈಯಲ್ಲಿದೆ ಅಕ್ಕ ಎಂದ. ಎರಡು ಪಾಲಿಸಿಗಳ ಹಾಳೆ ಹರಡಿದ. ಒಂದು ಅಗ್ಗ, ಅದರಲ್ಲಿ ಹಳೆಯ ಕಾಯಿಲೆಗಳಿಗೆ ಜಾಗವೇ ಇಲ್ಲ. ಇನ್ನೊಂದಕ್ಕೆ ಕಂತು ಹೆಚ್ಚು, ಹಳೆಯ ಕಾಯಿಲೆಗೂ ಕೊಡುತ್ತಾರೆ, ಆದರೆ ಮುಚ್ಚುಮರೆಯಿಲ್ಲದೆ ಹೇಳಿ ಕಾಗದ ಒದಗಿಸಬೇಕು. ಗಂಗಲಕ್ಷ್ಮಿ ಹಾಳೆಗಳನ್ನು ಪಕ್ಕಕ್ಕೆ ಸರಿಸಿ ಕೇಳಿದಳು: ಇಲ್ಲ ಎಂದು ಬರೆದು ಹೋಗಿ, ಅಲ್ಲಿ ನಾನು ಬಿದ್ದು ಆಸ್ಪತ್ರೆ ಸೇರಿದರೆ ಏನಾಗುತ್ತದೆ?

ಅಂಜನ್ ಕುಮಾರ್ ಒಮ್ಮೆ ನರಸಿಂಹರಾಜುವಿನ ಮುಖ ನೋಡಿದ. ಆಮೇಲೆ, ಅವತ್ತಿನ ಮಟ್ಟಿಗೆ ದೀಪವನ್ನು ಗೋಡೆಯಿಂದ ಇಳಿಸಿದ. ಡಾಕ್ಟರುಗಳಿಗೆ ಹಳೆಯ ಕಾಯಿಲೆ ಎಂದು ಗೊತ್ತಾಗಿಯೇ ಆಗುತ್ತದೆ, ಸುಳ್ಳು ಹೇಳಿದ್ದಾರೆಂದು ಪಾಲಿಸಿಯನ್ನೇ ರದ್ದು ಮಾಡುತ್ತಾರೆ, ಕಾಲು ಮುರಿದರೂ ಆಮೇಲೆ ಬಿಡಿಗಾಸು ಬರುವುದಿಲ್ಲ ಎಂದ. ಗಂಗಲಕ್ಷ್ಮಿ ಹೊಸ ಅರ್ಜಿ ಕೇಳಿ ತೆಗೆದುಕೊಂಡು, ಹನ್ನೊಂದನೆಯ ಪ್ರಶ್ನೆಗೆ ಹೌದು ಎನ್ನುವ ಚೌಕದಲ್ಲಿ ತಾನೇ ಗೀಟು ಹಾಕಿ ಸಹಿ ಮಾಡಿದಳು. ಎರಡನೆಯ ಪಾಲಿಸಿಗೆ.

ಉತ್ತರ ಹನ್ನೆರಡನೆಯ ದಿನ ಬಂತು. ವಿಮೆ ಕಂಪನಿ ಬೇಡವೆನ್ನಲಿಲ್ಲ. ಕಾಯಿಲೆ ಯಾವಾಗ ಗೊತ್ತಾಯಿತು, ಯಾವ ಪರೀಕ್ಷೆ ಆಯಿತು, ಅವತ್ತಿನಿಂದ ಮಾತ್ರೆ ತಪ್ಪದೆ ನಡೆದಿದೆಯೇ, ಇಷ್ಟಕ್ಕೆ ಕಾಗದ ತೋರಿಸಿದರೆ ಮೊದಲ ದಿನದಿಂದಲೇ ಆ ಕಾಯಿಲೆಗೂ ರಕ್ಷಣೆ ಕೊಡುವುದಾಗಿ ಬರೆದಿತ್ತು. ಕಾಗದ ಇಲ್ಲದಿದ್ದರೆ ಅದೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆ. ನರಸಿಂಹರಾಜು ಎರಡೆರಡು ಸಲ ಓದಿದ. ಎಂಟು ವರ್ಷ ಶಿರಾ, ಮಧುಗಿರಿ, ಹಿಂದೂಪುರದ ಮೆಟ್ಟಿಲುಗಳಲ್ಲಿ ಹರಿದು ಬಿಸಾಡಿದ ಬಿಲ್ಲುಗಳು ಅವನ ಕಣ್ಣ ಮುಂದೆ ಬಂದಿರಬೇಕು. ಒಂದೇ ಒಂದು ಬಿಲ್ಲು ಮನೆಯಲ್ಲಿರಲಿಲ್ಲ. ತುಮಕೂರಿನ ಡಾಕ್ಟರು ತೀರಿಕೊಂಡು, ಅವರ ಆಸ್ಪತ್ರೆ ಮುಚ್ಚಿ ಆಗಲೇ ಬಹಳ ದಿನವಾಗಿತ್ತು. ಉಳಿದದ್ದು ಅಪ್ಪನ ಹತ್ತಿರವಿದ್ದ ಆ ದಪ್ಪ ಫೈಲು. ಅದಿದ್ದರೆ ಅರ್ಧ ದಾರಿ ನಡೆದಂತೆ ಎಂದ ಅಂಜನ್ ಕುಮಾರ್.

ಗಂಗಲಕ್ಷ್ಮಿ ಮಾರನೆಯ ದಿನವೇ ಕಳ್ಳಂಬೆಳ್ಳಕ್ಕೆ ಹೋದಳು. ದೊಡ್ಡರಂಗಪ್ಪ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಕಣ್ಣು ಮಂಜಾಗಿದ್ದರೂ ಕೈಗೆ ಅಭ್ಯಾಸ. ಮಗಳು ವಿಷಯ ಹೇಳಿ ಫೈಲು ಕೇಳಿದಾಗ ಆ ಕೈ ನಿಂತಿತು.

"ಕೆರೆಗೆ ಬುಟ್ಬುಟ್ಟೆ ಕಣವ್ವ," ಎಂದ. "ನಿನ್ ಲಗ್ನದ್ ವಾರ. ಹಳೇ ದೇವ್ರ ಪಟ ಎಲ್ಡಿದ್ವು, ಅದ್ರ ಜತೆಗೇ ಕಲ್ಲು ಕಟ್ಟಿ ಬುಟ್ಟೆ. ಯಾರ್ ಕೈಗೂ ಸಿಗ್ಬಾರ್ದು ಅಂತ."

ಅವಳಿಗೆ ಸಿಟ್ಟು ಬಂತು. ಅಪ್ಪನನ್ನು ಎರಡು ಮಾತು ಅನ್ನಲೇಬೇಕೆಂದು ಬಾಯಿ ತೆರೆದಳು. ಆದರೆ ತಾಯಿಯಿಲ್ಲದ ಮಗಳನ್ನು ದಡ ಸೇರಿಸಲು ಈ ಮನುಷ್ಯನಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ದೇವರ ಪಟವನ್ನು ನೀರಿಗೆ ಬಿಡುವಾಗ ಕೈಮುಗಿದ ಹಾಗೆ ಆ ಫೈಲಿಗೂ ಕೈಮುಗಿದಿರುತ್ತಾನೆ ಎಂದು ನೆನೆದದ್ದೇ ಸಿಟ್ಟು ಇಳಿಯಿತು. ಅಪ್ಪನ ಎದುರು ಕುಳಿತು ತಾನೂ ಒಂದು ಹಿಡಿ ಹುಣಸೆಹಣ್ಣು ಎಳೆದುಕೊಂಡಳು. ಸಂಜೆಯ ಬಸ್ಸಿನವರೆಗೆ ಇಬ್ಬರೂ ಬೀಜ ಬಿಡಿಸಿದರು.

ಮನೆಗೆ ಬಂದು ಹೇಳಿದಾಗ ನರಸಿಂಹರಾಜು ಹಾಗಾದರೆ ನಾನೂ ಹೋಗುವುದಿಲ್ಲ ಎಂದ. ಮಾರನೆಯ ದಿನ ಮನಸ್ಸು ಬದಲಾಯಿಸಿ, ಆ ಕಾಯಿಲೆ ಬಿಟ್ಟು ಮಿಕ್ಕಿದ್ದಕ್ಕೆ ಕೊಡುವ ಕಾಗದವನ್ನೇ ತೆಗೆದುಕೊಂಡು ಇಬ್ಬರೂ ಹೋಗಿಬಿಡೋಣ, ದೇವರಿದ್ದಾನೆ ಎಂದ. ಗಂಗಲಕ್ಷ್ಮಿ ಎರಡಕ್ಕೂ ಒಪ್ಪಲಿಲ್ಲ. ಅವನು ಹಗಲೆಲ್ಲ ಮರಳುಗಾಡಿನಲ್ಲಿ, ತಾನು ಭಾಷೆ ಬರದ ಊರಿನ ಮನೆಯೊಳಗೆ ಬಾಗಿಲು ಹಾಕಿಕೊಂಡು. ಬಿದ್ದರೆ ದೇವರು ಬಂದು ಬಾಗಿಲು ತೆಗೆಯುತ್ತಾನೆಯೇ? ತೆಗೆದರೂ ಆಸ್ಪತ್ರೆಯ ಬಿಲ್ಲು ಕಟ್ಟುತ್ತಾನೆಯೇ? ಅಂಜನ್ ಕುಮಾರನ ಕೈಯಲ್ಲಿ ಫೋನು ಮಾಡಿಸಿ ಅವಳು ಇನ್ನೊಂದು ವಿಷಯ ತಿಳಿದುಕೊಂಡಿದ್ದಳು. ಹಳೆಯದು ಸಿಕ್ಕದಿದ್ದರೆ ಹೊಸದಾಗಿ ಪರೀಕ್ಷೆ ಮಾಡಿಸಿ, ಒಬ್ಬರೇ ಡಾಕ್ಟರ ಹತ್ತಿರ ತೋರಿಸಿಕೊಂಡು, ಒಂದು ವರ್ಷದ ಚೀಟಿ ಬಿಲ್ಲುಗಳನ್ನು ಬಿಡದೆ ಕೊಟ್ಟರೆ ಕಂಪನಿ ಒಪ್ಪುತ್ತದೆ.

"ನೀವು ಹೋಗಿ," ಎಂದಳು. "ನಾನು ಒಂದ್ ವರ್ಷ ಕಾಗ್ದ ಕೂಡಿಸ್ಕಂಡು ಬತ್ತೀನಿ."

ಒಬ್ಬಳೇ ಇದ್ದು ಬಿದ್ದರೆ ಇಲ್ಲಿ ಯಾರು ನೋಡುತ್ತಾರೆ ಎಂದು ಅವನು ಕೇಳಿದ. ಅಕ್ಕಪಕ್ಕದವರು ನೋಡುತ್ತಾರೆ, ಹೇಳಿ ಹೋಗಿ ಎಂದಳು ಅವಳು. ಬೇಕಾದರೆ ನಾನೇ ಹೇಳಬಲ್ಲೆ, ಆದರೆ ಬಿ.ಪಿ. ಎಂದು ಹೇಳಿಟ್ಟವರು ನೀವು, ನೀವೇ ಹೇಳಿದರೆ ಚೆಂದ ಎಂದೂ ಸೇರಿಸಿದಳು. ವಿಮಾನ, ಮರಳುಗಾಡು, ಗೊತ್ತಿಲ್ಲದ ದೇಶ ಯಾವುದಕ್ಕೂ ಹೆದರದ ನರಸಿಂಹರಾಜು ಆ ಒಂದು ಮಾತಿಗೆ ಬೆವತ. ಅವತ್ತು ಸಂಜೆ ಗಂಗಲಕ್ಷ್ಮಿ ಎಂಟು ವರ್ಷದಲ್ಲಿ ಮೊದಲ ಸಲ ಪಾವಗಡದ ಪೇಟೆಯಲ್ಲಿಯೇ ಮಾತ್ರೆ ಕೊಂಡಳು. ಅಂಗಡಿಯವನು ಬಿಲ್ಲಿಗೆ ಹೆಸರು ಕೇಳಿದಾಗ ಪೂರ್ತಿ ಹೆಸರು ಹೇಳಿದಳು. ಬರುವಾಗ ಒಂದು ನೀಲಿ ಫೈಲು ತಂದು, ಬಿಲ್ಲನ್ನು ತೂತು ಮಾಡಿ ಸೇರಿಸಿ, ಟಿ.ವಿ. ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.

ಐದು ದಿನ ಅವನು ಮೀನ ಮೇಷ ಎಣಿಸಿದ. ಇವತ್ತು ಅಮಾವಾಸ್ಯೆ ಎಂದ, ಮಾರನೆಯ ದಿನ ಪಕ್ಕದ ಮನೆಗೆ ನೆಂಟರು ಬಂದಿದ್ದಾರೆ ಎಂದ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಮೂರೂವರೆಗೆ, ಸೂಟ್‌ಕೇಸಿನ ಜಿಪ್ಪು ಎಳೆದು, ಹೇಳದೆ ಕೇಳದೆ ಪಕ್ಕದ ಇಂದ್ರಮ್ಮನ ಮನೆಗೆ ಹೋದ. ಇಂದ್ರಮ್ಮ ಅರವತ್ತರ ವಿಧವೆ. ಬೀದಿಯಲ್ಲಿ ಯಾರ ಮನೆಯಲ್ಲಿ ಒಗ್ಗರಣೆ ಸೀದರೂ ಮೊದಲು ಗೊತ್ತಾಗುವುದು ಅವಳಿಗೆ. ಗಂಗಲಕ್ಷ್ಮಿ ಹಿತ್ತಲಲ್ಲಿ ಅವನ ಕೆಲಸದ ಷರಟು ಒಗೆಯುತ್ತಿದ್ದಳು. ನಡುವೆ ಎದೆಮಟ್ಟದ ಗೋಡೆ ಮಾತ್ರ.

ರಾ ನಾಯನಾ, ಬಾರಪ್ಪ ಎಂದು ಇಂದ್ರಮ್ಮ ತೆಲುಗು ಬೆರೆಸಿ ಕರೆದು ಕೂರಿಸಿ ಮಜ್ಜಿಗೆ ಕೊಟ್ಟದ್ದು ಕೇಳಿಸಿತು. ಅವನು ಒಮಾನಿನ ಬಿಸಿಲಿನ ಬಗ್ಗೆ ಮಾತಾಡಿದ. ವಿಮಾನದ ಹೊತ್ತಿನ ಬಗ್ಗೆ ಮಾತಾಡಿದ. ಬಾಡಿಗೆ ಮನೆಯ ಸೋರುವ ನಲ್ಲಿಯ ಬಗ್ಗೆಯೂ ಮಾತಾಡಿದ. ಮಜ್ಜಿಗೆ ಮುಗಿದು ಲೋಟ ಕೆಳಗಿಟ್ಟ ಸದ್ದಾಯಿತು. ಎದ್ದು ಬಂದುಬಿಡುತ್ತಾನೆ ಎಂದುಕೊಂಡು ಗಂಗಲಕ್ಷ್ಮಿ ನಲ್ಲಿಯನ್ನು ನಿಲ್ಲಿಸಿದಳು.

"ನನ್ ಹೆಂಡ್ತಿಗೆ ಫಿಟ್ಸ್ ಐತೆ ಇಂದ್ರಮ್ಮ," ಎಂದ ಅವನು. "ಬಿ.ಪಿ. ಅಲ್ಲ. ನಾನು ಸುಳ್ಳೇಳಿದ್ದೆ. ಚಿಕ್ಕೋಳಿಂದ್ಲೂ ಐತೆ. ಬಿದ್ರೆ ಕೈಗೆ ಕಬ್ಬಿಣ ಕೊಡ್ಬ್ಯಾಡಿ, ಬಾಯಿಗೆ ಏನೂ ಹಾಕ್ಬ್ಯಾಡಿ. ಒಂದ್ ಪಕ್ಕಕ್ಕೆ ಹೊರಳ್ಸಿ, ಹತ್ರ ಕೂತಿರಿ. ಅಷ್ಟು ಸಾಕು."

ಆ ಕಡೆ ಸದ್ದಿಲ್ಲ. ಇಷ್ಟು ವರ್ಷ ಅಪ್ಪನೂ ಗಂಡನೂ ಹೆದರಿದ್ದು ಈ ಮೌನಕ್ಕೇ. ಇದಾದ ಮೇಲೆ ಬರುವ ಮಾತಿಗೆ. ಗಂಗಲಕ್ಷ್ಮಿ ಒದ್ದೆ ಷರಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಎಡಕ್ಕೆ ಹೊರಳ್ಸ್ಬೇಕಾ, ಬಲಕ್ಕಾ ನಾಯನಾ?" ಎಂದು ಇಂದ್ರಮ್ಮ ಕೇಳಿದಳು.

"ಎಡಕ್ಕೆ," ಎಂದ ನರಸಿಂಹರಾಜು. ಇನ್ನೇನೋ ಹೇಳಲು ಹೋದ ಅವನ ಧ್ವನಿ ಮುರಿಯಿತು.

ಗೋಡೆಯ ಈಚೆ ಗಂಗಲಕ್ಷ್ಮಿ ಷರಟನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟು, ಸೆರಗನ್ನು ಬಾಯಿಗೆ ಅಡ್ಡ ಹಿಡಿಯದೆ, ಯಾರಿಗೆ ಕೇಳಿಸಿದರೂ ಕೇಳಿಸಲಿ ಎಂದು ಅತ್ತಳು.